ಟೆಕ್ಸಸ್‌ಗೆ ಬರುವವರೇ, ‘ಯೂನಿಟ್‌ಗೆ 8 ಸೆಂಟ್’ ಅಂದರೆ ನಂಬಬೇಡಿ

ಡಲ್ಲಾಸ್, ಹ್ಯೂಸ್ಟನ್ ಕಡೆ ಕೆಲಸ ಸಿಕ್ಕಿ ಹೊಸದಾಗಿ ಬರುತ್ತಿರುವ ನಮ್ಮ ಜನಕ್ಕೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಅಕೌಂಟ್ ನಂಬರ್ ತೋರಿಸಿದ ಮೇಲೇ ಬೀಗದಕೈ ಕೈಗೆ ಬರುವುದು. ಸಾಮಾನು ಗಾಡಿಯಲ್ಲಿದೆ, ಮಕ್ಕಳು ಅಳುತ್ತಿದ್ದಾರೆ, ಆ ಗಡಿಬಿಡಿಯಲ್ಲೇ ಕರೆಂಟ್ ಮಾರುವ ಕಂಪನಿ, ಅದರ ಪ್ಲಾನ್ ನಾವೇ ಆರಿಸಬೇಕು. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ನಮಗೆ ಪ್ಲಾನ್ ಹೇಳಿದ್ದು ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಸಿಕ್ಕ ಪರಿಚಯದವರು. ಕಂಪನಿಯ ಹೆಸರು ಇಲ್ಲಿ ಬೇಡ, ಇಂಥ ಪ್ಲಾನ್ ಮಾರುವವರು ಬೇಕಾದಷ್ಟಿದ್ದಾರೆ. “ಯೂನಿಟ್‌ಗೆ 8 ಸೆಂಟ್ ಸರ್, ಒಂದು ವರ್ಷ ಫಿಕ್ಸೆಡ್” ಅಂದರು. ಪ್ಲಾನ್‌ಗಳನ್ನು ಹೋಲಿಸಿ ನೋಡಲೆಂದು ಕರೆಂಟ್ ವ್ಯವಹಾರ ನೋಡಿಕೊಳ್ಳುವ ರಾಜ್ಯದ ಆಯೋಗವೇ ನಡೆಸುವ ‘ಪವರ್ ಟು ಚೂಸ್’ ವೆಬ್‌ಸೈಟ್‌ನಲ್ಲೂ ಅದೇ ಅಂಕಿ ಇತ್ತು. ಸೆಪ್ಟೆಂಬರ್ ಸೆಖೆಯಲ್ಲಿ ಬಿಲ್ ಸರಿಯಾಗೇ ಬಂತು. ನವೆಂಬರ್‌ನಲ್ಲಿ ಎಸಿ ಆರಿಸಿದೆವು. ಕರೆಂಟ್ ಕಡಿಮೆ ಉರಿಯಿತು, ಬಿಲ್ ಮಾತ್ರ ಎರಡು ಪಟ್ಟಾಯಿತು.

ಒಳಗಿನ ಲೆಕ್ಕ ಹೀಗಿದೆ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಿಜವಾದ ದರ, ತಂತಿಯ ಖರ್ಚೂ ಸೇರಿ, ಯೂನಿಟ್‌ಗೆ 18 ಸೆಂಟ್. ತಿಂಗಳಿಗೆ 1000 ಯೂನಿಟ್ ಮುಟ್ಟಿದರೆ 100 ಡಾಲರ್ ‘ಕ್ರೆಡಿಟ್’. ಹಾಗಾಗಿ ಸರಿಯಾಗಿ 1000 ಯೂನಿಟ್‌ಗೆ 180ರಲ್ಲಿ 100 ಕಳೆದು 80 ಡಾಲರ್, ಅಂದರೆ 8 ಸೆಂಟ್. ಅದೇ 990 ಯೂನಿಟ್ ಉರಿಸಿದರೆ 178 ಡಾಲರ್! ಹತ್ತು ಯೂನಿಟ್ ಉಳಿಸಿದ್ದಕ್ಕೆ 98 ಡಾಲರ್ ಜಾಸ್ತಿ. ವೆಬ್‌ಸೈಟ್ ಮೊದಲು ತೋರಿಸುವುದು 1000 ಯೂನಿಟ್‌ನ ದರವನ್ನು. ಅದಕ್ಕೇ ಪ್ಲಾನ್‌ಗಳನ್ನು ಆ ಒಂದು ಅಂಕಿಗೆ ಸರಿಯಾಗಿ ಹೊಲಿದಿರುತ್ತಾರೆ. ಎರಡು ಬೆಡ್‌ರೂಮಿನ, ಗ್ಯಾಸ್ ಹೀಟಿಂಗ್ ಇರುವ ನಮ್ಮಂಥ ಮನೆ ಚಳಿಗಾಲದಲ್ಲಿ 1000 ಮುಟ್ಟುವುದು ಎಲ್ಲಿಂದ ಬಂತು?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ಲೇಬಲ್‌ನಲ್ಲಿ ಬರೆದಿದೆಯಲ್ಲ” ಅಂದರು. ಲೇಬಲ್ ಅಂದರೆ ಪ್ಲಾನಿನ ದರದ ವಿವರ ಬರೆದಿರುವ ಕಾಗದ. ಬಿಟ್ಟು ಹೋಗುತ್ತೇವೆ ಅಂದರೆ 150 ಡಾಲರ್ ದಂಡ. ಪ್ಲಾನ್ ಕೊಡಿಸಿದವರ ಉತ್ತರ ಇನ್ನೂ ಚೆನ್ನಾಗಿತ್ತು: “ಸ್ವಲ್ಪ ಜಾಸ್ತಿ ಉರಿಸಿ ಸರ್.”

ಉರಿಸಿದೆವು ಕೂಡ. ಒಂದು ತಿಂಗಳ ಕೊನೆಯ ರಾತ್ರಿ ಆ್ಯಪ್‌ನಲ್ಲಿ 980 ಚಿಲ್ಲರೆ ಕಾಣಿಸಿತು. ಹಾಲ್‌ನಲ್ಲಿ ಹೀಟರ್ ಹಾಕಿ, ಕಿಟಕಿ ತೆಗೆದು, ಒಣಗಿದ ಬೆಡ್‌ಶೀಟನ್ನೇ ಮತ್ತೆ ಡ್ರೈಯರ್‌ಗೆ ಹಾಕಿ ತಿರುಗಿಸಿದೆವು. ನನ್ನ ಹೆಂಡತಿ “ನಮ್ಮಮ್ಮ ನೋಡಿದ್ದರೆ ಬೈಗುಳ ಗ್ಯಾರಂಟಿ” ಅಂತ ನಗುತ್ತಿದ್ದಳು. ಆದರೆ ಆ್ಯಪ್ ತೋರಿಸುವುದು ಹಿಂದಿನ ದಿನದ ಲೆಕ್ಕ. ಮೀಟರ್ ಓದುವ ದಿನವೂ ಒಂದೆರಡು ದಿನ ಆಚೀಚೆ ಆಗುತ್ತದೆ. ನಾವು ಡ್ರೈಯರ್ ತಿರುಗಿಸಿದ ರಾತ್ರಿ ಮುಂದಿನ ಬಿಲ್‌ಗೆ ಸೇರಿತು. ಕ್ರೆಡಿಟ್ ಹೋಯಿತು.

ಊರಿನಿಂದ ಬಂದವರಿಗೆ ಈ ವ್ಯವಸ್ಥೆಯೇ ವಿಚಿತ್ರ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ತಂತಿಯೂ ಬೆಸ್ಕಾಂನದು, ಬಿಲ್ಲೂ ಬೆಸ್ಕಾಂನದು, ದರ ಆಯೋಗ ಹೇಳಿದ್ದು. ಟೆಕ್ಸಸ್ 1999ರಲ್ಲಿ ಕಾನೂನು ಮಾಡಿ, 2002ರ ಜನವರಿಯಿಂದ ಮನೆಗಳಿಗೆ ಕರೆಂಟ್ ಮಾರಿ ಬಿಲ್ ಮಾಡುವ ವ್ಯಾಪಾರವನ್ನು ಪೈಪೋಟಿಗೆ ಬಿಟ್ಟಿತು. ತಂತಿ, ಕಂಬ, ಮೀಟರ್ ಮಾತ್ರ ಹಾಗೇ ಒಬ್ಬರ ಕೈಯಲ್ಲಿವೆ: ಡಲ್ಲಾಸ್ ಸುತ್ತ ಆಂಕೋರ್, ಹ್ಯೂಸ್ಟನ್‌ನಲ್ಲಿ ಸೆಂಟರ್‌ಪಾಯಿಂಟ್. ಕರೆಂಟ್ ಹೋದರೆ ಫೋನ್ ಮಾಡಬೇಕಾದ್ದು ಇವರಿಗೆ. ನೀವು ಯಾವ ಕಂಪನಿಗೆ ದುಡ್ಡು ಕಟ್ಟಿದರೂ ಗೋಡೆಯ ಪ್ಲಗ್ಗಿಗೆ ಬರುವುದು ಅದೇ ತಂತಿಯ ಅದೇ ಕರೆಂಟ್. ಆಸ್ಟಿನ್, ಸ್ಯಾನ್ ಆಂಟೋನಿಯೊಗಳಲ್ಲಿ ನಗರಸಭೆಯದೇ ಕಂಪನಿ ಇದೆ, ಅಲ್ಲಿನವರಿಗೆ ಈ ತಲೆನೋವಿಲ್ಲ.

ಮಾರುವ ಮಾಲು ಒಂದೇ ಆದಾಗ ಪೈಪೋಟಿ ಎಲ್ಲಿ ನಡೆಯಬೇಕು? ದರ ಇಳಿಸುವುದರಲ್ಲಿ ನಡೆಯುತ್ತದೆ ಅಂತ ಪುಸ್ತಕ ಹೇಳುತ್ತದೆ. ನಾನು ಕಂಡಂತೆ ಜಾಸ್ತಿ ನಡೆಯುವುದು ದರವನ್ನು ಹೇಗೆ ತೋರಿಸುವುದು ಅನ್ನುವುದರಲ್ಲಿ. ‘ರಾತ್ರಿ ಪೂರ್ತಿ ಫ್ರೀ’ ಅನ್ನುವ ಪ್ಲಾನ್‌ನ ಹಗಲಿನ ದರ ನೋಡಿ. ಆಗಸ್ಟ್‌ನಲ್ಲಿ ಇಲ್ಲಿ ಎಸಿ ಜಾಸ್ತಿ ಓಡುವುದು ಮಧ್ಯಾಹ್ನದಿಂದ ಸಂಜೆವರೆಗೆ, ಫ್ರೀ ರಾತ್ರಿ ಶುರುವಾಗುವ ಮೊದಲೇ. ಹೆಸರುಗಳೂ ಅಷ್ಟೇ, ಡಜನ್‌ಗಟ್ಟಲೆ ಕಂಪನಿ ಕಾಣುತ್ತವೆ. ಆದರೆ ರಿಲಯಂಟ್, ಗ್ರೀನ್ ಮೌಂಟನ್, ಡೈರೆಕ್ಟ್ ಎನರ್ಜಿ ಮೂರೂ ಎನ್‌ಆರ್‌ಜಿ ಅನ್ನುವ ಒಂದೇ ದೊಡ್ಡ ಕಂಪನಿಯವು. ಟಿಎಕ್ಸ್‌ಯು, ಆ್ಯಂಬಿಟ್, ಟ್ರೈಈಗಲ್ ಮೂರೂ ವಿಸ್ಟ್ರಾ ಅನ್ನುವ ಇನ್ನೊಂದು ಕಂಪನಿಯವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಎಷ್ಟೋ ಸಲ ಅದೇ ಯಜಮಾನನ ಇನ್ನೊಂದು ಅಂಗಡಿ.

ಪೈಪೋಟಿಯೇ ಬೇಡ ಅಂತ ನಾನು ಹೇಳುವುದಿಲ್ಲ. ನಿಜವಾಗಿಯೂ ಒಳ್ಳೆ ದರದ ಪ್ಲಾನ್ ಇಲ್ಲಿ ಸಿಗುತ್ತದೆ, ಆದರೆ ಪ್ರತಿ ವರ್ಷ ಲೆಕ್ಕ ಹಾಕಿ ಕೂರುವವರಿಗೆ. ಭಾರತದಲ್ಲೂ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದ ವಿದ್ಯುತ್ ತಿದ್ದುಪಡಿ ಮಸೂದೆಯಲ್ಲಿ, ಒಂದೇ ತಂತಿಯ ಮೇಲೆ ಹಲವು ಕಂಪನಿ ಕರೆಂಟ್ ಮಾರಬಹುದು ಅನ್ನುವ ಯೋಚನೆ ಇತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು. ಅದರ ಪರವಾಗಿ ಮಾತಾಡುವವರು ಇಲ್ಲಿನ ಒಂದು ಬಿಲ್ ನೋಡಬೇಕು.

ನಮ್ಮದು ನೂರಿನ್ನೂರು ಡಾಲರ್‌ನ ಹೊಟ್ಟೆಯುರಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಆದದ್ದು ಬೇರೆಯೇ. ಗ್ರಿಡ್ಡಿ ಅನ್ನುವ ಕಂಪನಿ ತಿಂಗಳಿಗೆ 9.99 ಡಾಲರ್ ತಗೊಂಡು ಸಗಟು ದರದಲ್ಲೇ ಕರೆಂಟ್ ಕೊಡುತ್ತಿತ್ತು. ಎಷ್ಟೋ ತಿಂಗಳು ಅಗ್ಗವೂ ಇತ್ತು. ಆ ವಾರ ಸಗಟು ದರ ಮೆಗಾವ್ಯಾಟ್-ಗಂಟೆಗೆ 9,000 ಡಾಲರ್ ಮಿತಿಗೆ ಹೋಗಿ ದಿನಗಟ್ಟಲೆ ಅಲ್ಲೇ ನಿಂತಿತು. ಅಂದರೆ ಯೂನಿಟ್‌ಗೆ 9 ಡಾಲರ್! ಸಾವಿರಾರು ಡಾಲರ್ ಬಿಲ್ ಬಂದ ಮನೆಗಳಿದ್ದವು. ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಮನೆಗಳಿಗೆ ಅಂಥ ಸಗಟು ದರದ ಪ್ಲಾನ್ ಮಾರುವುದನ್ನೇ ರಾಜ್ಯ ನಿಷೇಧಿಸಿತು. ಕ್ರೆಡಿಟ್ ಆಟವನ್ನು ಯಾರೂ ನಿಷೇಧಿಸಿಲ್ಲ.

ಹಾಗಾಗಿ ಸೈನ್ ಮಾಡುವ ಮೊದಲು ‘ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್’ ಕೇಳಿ. ಕೊಡಲೇಬೇಕು, ನಿಯಮ ಇದೆ. ಅದರಲ್ಲಿ 500, 1000, 2000 ಯೂನಿಟ್‌ಗೆ ಮೂರು ದರ ಇರುತ್ತವೆ. ನಮ್ಮ ಹಳೇ ಪ್ಲಾನಿನ ಲೇಬಲ್ ಈ ಲೆಕ್ಕದಲ್ಲಿ 18, 8, 13 ಅಂತಿತ್ತು. ಮಧ್ಯದ ಅಂಕಿ ಹೀಗೆ ಹಳ್ಳಕ್ಕೆ ಬಿದ್ದಿದ್ದರೆ ಅಲ್ಲೇ ಬಿಟ್ಟುಬಿಡಿ. ಮೂರೂ ಹತ್ತಿರ ಹತ್ತಿರ ಇದ್ದರೆ ಮುಂದೆ ಓದಿ. ಸಣ್ಣ ಅಪಾರ್ಟ್‌ಮೆಂಟ್ ಆದರೆ 500ರ ಸಾಲೇ ನಿಮ್ಮ ಸಾಲು. ‘ಫಿಕ್ಸೆಡ್’ ಅಂದರೂ ತಂತಿ ಕಂಪನಿಯ ಶುಲ್ಕ ನಡುವೆ ಬದಲಾಗಬಹುದು, ಅದನ್ನು ನಿಮ್ಮ ಬಿಲ್‌ಗೇ ಸೇರಿಸುತ್ತಾರೆ.

ಒಪ್ಪಂದ ಮುಗಿದ ಮೇಲೆ ಸುಮ್ನೆ ಕೂತರೆ ತಿಂಗಳ ಲೆಕ್ಕದ ದರಕ್ಕೆ ತಳ್ಳುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ. ಮುಗಿಯುವ ದಿನಕ್ಕೆ 14 ದಿನ ಮುಂಚಿನಿಂದ ಯಾವ ದಂಡವೂ ಇಲ್ಲದೆ ಬೇರೆ ಕಂಪನಿಗೆ ಹೋಗಬಹುದು. ಮನೆ ಬದಲಾಯಿಸಿದರೂ ದಂಡ ಹಾಕುವಂತಿಲ್ಲ, ಹೊಸ ವಿಳಾಸದ ಪುರಾವೆ ಕೊಟ್ಟರೆ ಸಾಕು. ನಾವು ಬಿಡಿಸಿಕೊಂಡದ್ದು ಹಾಗೇ, ಲೀಸ್ ಮುಗಿದು ಪಕ್ಕದ ಊರಿಗೆ ಬಂದಾಗ.