ಮನೆಗೆ ಬರುವ ‘ಫಿಸಿಯೋ’ಗೆ ಮುಂಗಡ ಕೊಡುವ ಮೊದಲು

ಶಿರಸಿ ಕಡೆಯವರು, ಮನೆಯಲ್ಲಿ ವಯಸ್ಸಾದವರಿಗೆ ಸೊಂಟದ ಆಪರೇಷನ್ ಆಗಿದ್ದರೆ ಇದನ್ನೊಮ್ಮೆ ಓದಿ.

ಮಳೆಗಾಲದಲ್ಲಿ ಆಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. (ಪಾಚಿಗೆಂದು ಅಡಿಕೆ ದಬ್ಬೆ ಹಾಸಿದ್ದೆವು. ಬಿದ್ದದ್ದು ದಬ್ಬೆ ಮುಗಿದಲ್ಲಿ, ದಾಸವಾಳದ ಬುಡದಲ್ಲಿ.) ಆಸ್ಪತ್ರೆಯಲ್ಲಿ ರಾಡ್ ಹಾಕಿ, ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದ್ದರು.

ಮನೆಗೆ ಬಂದ ಮೇಲೆ ಪರಿಚಯದವರ ಮೂಲಕ ‘ಫಿಸಿಯೋ’ (ಫಿಸಿಯೋಥೆರಪಿಸ್ಟ್) ಅಂತ ಒಬ್ಬ ಸಿಕ್ಕ. ತಿಂಗಳ ಪ್ಯಾಕೇಜ್, ದುಡ್ಡು ಪೂರ್ತಿ ಮುಂಗಡ. ದಿನಾ ಬರುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ತೊಡೆಗೆ ಪ್ಯಾಡ್ ಅಂಟಿಸಿ, ಕರೆಂಟಿನ ಮಷೀನ್ ಹಚ್ಚಿ ಮೊಬೈಲ್ ನೋಡುತ್ತ ಕೂರುವುದು. ಆಮೇಲೆ ಬಿಸಿ ಎಣ್ಣೆ ಹಾಕಿ ಕಾಲು ತಿಕ್ಕುವುದು. ಚಹಾ ಕುಡಿದು ಹೊರಡುವುದು. ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು. ‘ತಮಾ, ಆನು ಏಳದು ಯಾವಾಗ್ಲೋ?’ ಎಂದು ಆಯಿ ಕೇಳಿದರೆ ‘ನರಕ್ಕೆ ಶಕ್ತಿ ಬರಲಿ ಅಮ್ಮಾ, ಭಾರ ಬಿದ್ದರೆ ರಾಡ್ ಬಾಗ್ತದೆ’ ಎನ್ನುತ್ತಿದ್ದ. ನೋವು ತಡೆಯುವಷ್ಟು ಭಾರ ಹಾಕಿ ನಡೆಯಬಹುದೆಂದು ಡಿಸ್ಚಾರ್ಜ್ ಕಾರ್ಡಿನಲ್ಲೇ ಬರೆದಿತ್ತು. ಕೈಗೆ ಕೊಟ್ಟರೂ ಅದನ್ನು ಬಿಡಿಸಿ ನೋಡಲಿಲ್ಲ. ‘ಮಲಗಿರಲಿ’ ಎಂಬ ಮಾತು ಕಾಳಜಿಯಂತೆ ಕೇಳಿಸುತ್ತದೆ, ಹಾಗಾಗಿ ನೆಂಟರೂ ಅವನ ಪರವೇ.

ಮತ್ತೆ ತೋರಿಸಲು ಹೋಗುವಷ್ಟರಲ್ಲಿ ತೊಡೆ ಸೊರಗಿತ್ತು, ಮೀನಖಂಡ ಊದಿತ್ತು. ಡಾಕ್ಟರು ಮೊದಲು ಮಾಡಿಸಿದ್ದೇ ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್. ಮಲಗಿದಲ್ಲೇ ಇರುವವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಪುಣ್ಯಕ್ಕೆ ಹೆಪ್ಪಿರಲಿಲ್ಲ. ಎಕ್ಸ್‌ರೇ ನೋಡಿ, ‘ರಾಡ್ ಗಟ್ಟಿಯಾಗಿದೆ, ನಡೆಸಿಲ್ಲ ಯಾಕೆ?’ ಎಂದರು.

ಈಗ ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಓದಿದ ಹುಡುಗಿಯೊಬ್ಬಳು ಬರುತ್ತಾಳೆ. ಬಂದವಳೇ ಡಿಸ್ಚಾರ್ಜ್ ಕಾರ್ಡ್ ಕೇಳಿದಳು. ವಾಕರ್ ಹಿಡಿ ಎತ್ತರವಾಗಿತ್ತು, ಆಯಿಯ ಮಣಿಕಟ್ಟಿನ ಮಟ್ಟಕ್ಕೆ ಇಳಿಸಿದಳು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ತಲೆಸುತ್ತು ಇಲ್ಲವೆಂದು ಖಾತ್ರಿಯಾದ ಮೇಲೆ ನಿಲ್ಲಿಸಿದಳು. ಮೊದಲು ವಾಕರ್ ಮುಂದಕ್ಕೆ, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಇನ್ನೊಂದು. ಮಷೀನ್ ಇಲ್ಲ, ಎಣ್ಣೆ ಇಲ್ಲ. ಆಯಿ ಬಯ್ಯುತ್ತಲೇ ಬಚ್ಚಲವರೆಗೆ ನಡೆಯುತ್ತಾಳೆ. ಹೊಸ್ತಿಲು ದಾಟಲು ಮಾತ್ರ ಇನ್ನೂ ಒಬ್ಬರ ಕೈ ಬೇಕು.

ಯಾರನ್ನೇ ಕರೆಸಿ, ಏನು ಓದಿದ್ದಾರೆಂದು ಕೇಳಿ, ಆಪರೇಷನ್ ಮಾಡಿದ ಡಾಕ್ಟರ ಜೊತೆ ಫೋನಿನಲ್ಲಾದರೂ ಮಾತಾಡಿಸಿ. ದುಡ್ಡು ಆಯಾ ದಿನದ್ದು ಆಯಾ ದಿನವೇ ಕೊಡಿ. ಉಳಿದ ಮುಂಗಡಕ್ಕೆ ನಾವು ಫೋನ್ ಮಾಡುತ್ತಲೇ ಇದ್ದೇವೆ, ಆತ ಎತ್ತುತ್ತಿಲ್ಲ.