ಪೀಣ್ಯದ ಜಾಬ್ ವರ್ಕ್‌ಗೆ ವಾಟ್ಸ್‌ಆ್ಯಪ್ ಕಮ್ಯುನಿಟಿ: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಲೇತ್ ಇಟ್ಟವರಿಗೆ ಗ್ರೈಂಡಿಂಗ್‌ನವರು ಬೇಕು, ಗ್ರೈಂಡಿಂಗ್‌ನವರಿಗೆ ಹಾರ್ಡನಿಂಗ್‌ನವರು ಬೇಕು, ಪ್ಲೇಟಿಂಗ್‌ಗೆ ಇನ್ನೊಂದು ಶೆಡ್ಡಿನ ಬಾಗಿಲು ತಟ್ಟಬೇಕು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯ ನಡೆಯುವುದೇ ಹೀಗೆ, ಒಬ್ಬರ ಮಾಲಿನ ಮೇಲೆ ಇನ್ನೊಬ್ಬರು ಮಾಡಿಕೊಡುವ ಜಾಬ್ ವರ್ಕ್‌ನಿಂದ. ಹೊಸ ಆರ್ಡರ್, ಹೊಸ ಮೆಷಿನ್, ಹೊಸ ನಿಯಮ, ಯಾವುದೇ ಇರಲಿ, ಸುದ್ದಿ ಬೇಗ ಮುಟ್ಟಿದಷ್ಟೂ ಕೆಲಸ ಏರಿಯಾದೊಳಗೇ ಉಳಿಯುತ್ತದೆ. ಇದಕ್ಕೆ ದುಡ್ಡು ಕೊಟ್ಟು ಬೇರೆ ಆ್ಯಪ್ ತೆಗೆದುಕೊಳ್ಳಬೇಕಿಲ್ಲ. ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ವಾಟ್ಸ್‌ಆ್ಯಪ್ ಕಮ್ಯುನಿಟಿ ಸಾಕು, ಸರಿಯಾಗಿ ಕಟ್ಟಿದರೆ.

ಒಂದೇ ದೊಡ್ಡ ಗ್ರೂಪ್ ಮಾತ್ರ ಬೇಡ. 1,024 ಜನ ಹಿಡಿಸುತ್ತಾರೆ ನಿಜ. ಆದರೆ ಗುಡ್ ಮಾರ್ನಿಂಗ್ ಹೂಗಳ ಮಧ್ಯೆ ಆರ್ಡರ್ ಮುಳುಗಿಹೋಗುತ್ತದೆ, ಜನ ಮ್ಯೂಟ್ ಮಾಡಿಬಿಡುತ್ತಾರೆ. ಟರ್ನಿಂಗ್ (ಲೇತ್ ಕೆಲಸ), ವಿಎಂಸಿ (ಕಂಪ್ಯೂಟರ್ ನಿಯಂತ್ರಣದ ಮಿಲ್ಲಿಂಗ್), ವೈರ್ ಕಟ್ (ವಿದ್ಯುತ್ ಹರಿಯುವ ತಂತಿಯಿಂದ ಲೋಹ ಕೊರೆಯುವುದು), ಹೀಟ್ ಟ್ರೀಟ್‌ಮೆಂಟ್ ಎಂದು ಗ್ರೂಪುಗಳನ್ನು ಬೇರೆ ಮಾಡಿ. ಎಲ್ಲರಿಗೂ ಬೇಕಾದ ಸುದ್ದಿ ಅನೌನ್ಸ್‌ಮೆಂಟ್ ಗ್ರೂಪಿಗೆ ಹೋಗಲಿ. ಅಲ್ಲಿ ಅಡ್ಮಿನ್‌ಗಳಷ್ಟೇ ಬರೆಯಬಹುದು. ಸಣ್ಣ ಘಟಕಗಳ ಬಿಲ್ಲನ್ನು 45 ದಿನದೊಳಗೆ ತೀರಿಸಬೇಕೆಂಬ 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಸೆಕ್ಷನ್ ಅಂಥದ್ದನ್ನು ಪಿನ್ ಮಾಡಿಡಿ. ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಆಮೇಲೆ ಮತ್ತೆ ಹಾಕಬೇಕು.

ಆರ್ಡರ್ ಹಾಕುವಾಗ "ಟರ್ನಿಂಗ್ ಕೆಲಸ ಇದೆ, ಫೋನ್ ಮಾಡಿ" ಎಂದರೆ ನಲವತ್ತು ಫೋನ್ ಬರುತ್ತವೆ, ಒಂದೂ ಪ್ರಯೋಜನಕ್ಕೆ ಬರುವುದಿಲ್ಲ. ಹೀಗೆ ಬರೆಯಿರಿ: "ಇಎನ್8, 40 ಎಂಎಂ ರೌಂಡ್, ಉದ್ದ 120, ಬೋರ್ 20 ಎಚ್7, 500 ಪೀಸು, ಮೆಟೀರಿಯಲ್ ನಮ್ಮದು, ಶನಿವಾರದೊಳಗೆ ಬೇಕು." ಇಎನ್8 ಅಂದರೆ ಉಕ್ಕಿನ ಒಂದು ಗ್ರೇಡು, ಬೋರ್ ಅಂದರೆ ಒಳಗಿನ ರಂಧ್ರ. ಬೋರ್ ಅಳತೆ ನೋಡಿದ ತಕ್ಷಣ ರಂಧ್ರವನ್ನು ನಿಖರ ಅಳತೆಗೆ ತರುವ ರೀಮರ್, ಅದನ್ನು ಪರೀಕ್ಷಿಸುವ ಪ್ಲಗ್ ಗೇಜ್ ಇಲ್ಲದವರು ತಾವಾಗಿಯೇ ಹಿಂದೆ ಸರಿಯುತ್ತಾರೆ. 20 ಎಚ್7 ಅಂದರೆ 20 ಎಂಎಂ ರಂಧ್ರದಲ್ಲಿ ವ್ಯತ್ಯಾಸ ಮೇಲಕ್ಕೆ 21 ಮೈಕ್ರಾನ್ (ಎಂಎಂನ ಸಾವಿರದ ಒಂದು ಭಾಗವೇ ಮೈಕ್ರಾನ್), ಕೆಳಕ್ಕೆ ಸೊನ್ನೆ. ಅಂದಾಜಿನಲ್ಲಿ ಆಗುವ ಕೆಲಸವಲ್ಲ.

ಡ್ರಾಯಿಂಗನ್ನು ಫೋಟೊ ಆಗಿ ಕಳಿಸಲೇಬೇಡಿ. ಫೈಲ್ ಕುಗ್ಗಿ ಅಂಕಿ ಮಸುಕಾಗುತ್ತದೆ, 0.02 ಇದ್ದದ್ದನ್ನು 0.2 ಎಂದು ಓದಿಕೊಂಡರೆ ಇಡೀ ಲಾಟ್ ರಿಜೆಕ್ಟ್. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಹಾಕಿ. ಹಾಕುವ ಮೊದಲು ಬಲಗಡೆ ಕೆಳಮೂಲೆಯ ಟೈಟಲ್ ಬ್ಲಾಕಿನಲ್ಲಿರುವ ಪಾರ್ಟಿ (ಗಿರಾಕಿ ಕಂಪನಿ) ಹೆಸರು, ಪಾರ್ಟ್ ನಂಬರ್ ಅಳಿಸಿ. ಮರೆತರೆ ಅದೇ ಪಾರ್ಟಿಗೆ ಇನ್ನೊಬ್ಬರು ಕಡಿಮೆ ರೇಟು ಹೇಳುತ್ತಾರೆ, ಗ್ರೂಪಿನ ಮೇಲಿದ್ದ ನಂಬಿಕೆ ಅಂದೇ ಹೋಗುತ್ತದೆ. ಇದೇ ಕಾರಣಕ್ಕೆ ರೇಟ್ ಮಾತುಕತೆ ಖಾಸಗಿಯಾಗಿಯೇ ಇರಲಿ.

ಈ ಆ್ಯಪ್ ನಿಜಕ್ಕೂ ಕೈಕೊಡುವುದು ದಾಖಲೆ ವಿಷಯದಲ್ಲಿ. ಡಿಸಪಿಯರಿಂಗ್ ಮೆಸೇಜ್ ಆನ್ ಆಗಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲವೂ ಮಾಯ. ಮೊದಲ ದಿನವೇ ಆಫ್ ಮಾಡಿ. ಚಾಟ್‌ನಲ್ಲಿ "ಓಕೆ" ಬಂತೆಂದು ಮಾಲು ಕಳಿಸಬೇಡಿ. ಮಾಲಿನ ಜೊತೆ ಹೋಗುವ ದಾಖಲೆ, ಅಂದರೆ ಡೆಲಿವರಿ ಚಲನ್, ಬೇಕೇ ಬೇಕು. ಜಿಎಸ್‌ಟಿಯ 143ನೇ ಸೆಕ್ಷನ್ ಪ್ರಕಾರ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಅಥವಾ ಜಾಬ್ ವರ್ಕರ್ ಶೆಡ್ಡಿನಿಂದಲೇ ಪಾರ್ಟಿಗೆ ಸಪ್ಲೈ ಆಗದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಚಲನ್ ನಂಬರನ್ನು ಅದೇ ಆರ್ಡರ್ ಮೆಸೇಜಿಗೆ ರಿಪ್ಲೈ ಆಗಿ ಹಾಕಿ. ಯಾವ ಕೆಲಸ ಯಾರಿಗೆ ಹೋಯಿತು ಎಂದು ಉಳಿದವರಿಗೂ ತಿಳಿಯುತ್ತದೆ, ಮತ್ತೆ ಮತ್ತೆ ಫೋನ್ ಬರುವುದು ನಿಲ್ಲುತ್ತದೆ.