‘ನೀನು’ ಎಂದು ಕಥೆ ಬರೆಯುವುದು: ತೀರ್ಥಹಳ್ಳಿಯ ಎರಡು ದಿನಗಳ ಕಮ್ಮಟ

ತೀರ್ಥಹಳ್ಳಿಯ ಸಮೀಪದ ತೋಟದ ಮನೆಯೊಂದರಲ್ಲಿ ಕಳೆದ ತಿಂಗಳು ನಡೆದ ಕಥಾ ಕಮ್ಮಟಕ್ಕೆ ಊಟ, ವಸತಿ ಸೇರಿ 2,000 ರೂಪಾಯಿ ಕೊಟ್ಟು ಹೋಗಿದ್ದೆ. ವಿಷಯ ಒಂದೇ: ಮಧ್ಯಮ ಪುರುಷದಲ್ಲಿ, ಅಂದರೆ ಪಾತ್ರವನ್ನು ‘ನೀನು’ ಅಥವಾ ‘ನೀವು’ ಎಂದು ಕರೆಯುತ್ತಾ ಕಥೆ ಹೇಳುವುದು.

ಪತ್ರರೂಪದ ಕಥೆಯಲ್ಲಿ ‘ನೀನು’ ಎನ್ನುವ ಒಬ್ಬ ‘ನಾನು’ ಎದುರಿಗೇ ಇರುತ್ತಾನೆ, ಇಲ್ಲಿ ಹಾಗಲ್ಲ, ‘ನೀನು’ ಎನಿಸಿಕೊಂಡವನೇ ಕಥಾನಾಯಕ ಎಂಬ ವ್ಯತ್ಯಾಸವನ್ನು ಕಮ್ಮಟ ನಡೆಸಿದವರು ಚೆನ್ನಾಗಿ ಬಿಡಿಸಿಟ್ಟರು. ಪ್ಯಾರಿಸ್‌ನಿಂದ ರೋಮ್‌ಗೆ ಸಾಗುವ ರೈಲಿನಲ್ಲಿ ನಡೆಯುವ, ಮಿಶೆಲ್ ಬ್ಯುಟೋರ್ 1957ರಲ್ಲಿ ಪ್ರಕಟಿಸಿದ ಫ್ರೆಂಚ್ ಕಾದಂಬರಿಯನ್ನು ಉದಾಹರಿಸಿದರು. ಆದರೆ ಅಲ್ಲಿ ನಾಯಕನನ್ನು ಕರೆಯುವುದು ನಮ್ಮ ‘ನೀವು’ಗೆ ಸಮನಾದ ಸರ್ವನಾಮದಿಂದ ಎಂಬುದನ್ನು ಹೇಳದೆ ಇಂಗ್ಲಿಷ್ ಅನುವಾದದ ಪುಟವನ್ನೇ ಹಂಚಿದರು. ಇಂಗ್ಲಿಷಿನಲ್ಲಿ ‘ನೀನು’, ‘ನೀವು’ ಎರಡಕ್ಕೂ ಒಂದೇ ಪದವಾದ್ದರಿಂದ, ಕನ್ನಡದಲ್ಲಿ ಬರೆಯುವವನಿಗೆ ಮೊದಲ ಸಾಲಿನಲ್ಲೇ ಎದುರಾಗುವ ‘ನೀನೋ, ನೀವೋ’ ಎಂಬ ಪ್ರಶ್ನೆ ಬೆಳಗಿನ ಗೋಷ್ಠಿಯಲ್ಲಿ ಬರಲೇ ಇಲ್ಲ.

ಅದು ಬಂದದ್ದು ಮಧ್ಯಾಹ್ನದ ಅಭ್ಯಾಸದಲ್ಲಿ. ಅಡಿಕೆ ಸುಲಿಯುವ ರಾತ್ರಿಯ ಬಗ್ಗೆ ಬರೆದಿದ್ದ ಶಿಬಿರಾರ್ಥಿಯೊಬ್ಬರು ‘ಮೆಟ್ಟುಗತ್ತಿಯ ಮುಂದೆ ಕೂತೆ. ಬೆರಳು ಕೊಯ್ದದ್ದು ಗೊತ್ತಾಗಲಿಲ್ಲ’ ಎಂದು ಓದಿದಾಗ, ಕೂತದ್ದು ಯಾರೆಂದು ಜಗಲಿಯಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ. ನಮ್ಮ ಭೂತಕಾಲದಲ್ಲಿ ‘ನಾನು ಕೂತೆ’, ‘ನೀನು ಕೂತೆ’ ಎರಡಕ್ಕೂ ಕ್ರಿಯಾಪದ ಒಂದೇ. ‘ಗೊತ್ತಾಗಲಿಲ್ಲ’ ಎಂಬುದಕ್ಕಂತೂ ಪುರುಷಭೇದವೇ ಇಲ್ಲ. ಸಾಲುಸಾಲಿಗೂ ‘ನೀನು’ ಸೇರಿಸಿದರೆ ಗದರಿಸಿದಂತಾಗುತ್ತದೆ. ‘ಕೂರುತ್ತೀಯ’ ಎಂದು ವರ್ತಮಾನಕ್ಕೆ ತಂದೊಡನೆ ಗೊಂದಲ ಹೋಯಿತು. ‘ಕೂತಿರಿ’ ಎಂದರೂ ಹೋಗುತ್ತದೆ, ಆದರೆ ಆಗ ಸುಲಿಯುವವನು ಕುತೂಹಲಕ್ಕೆ ಕತ್ತಿ ಹಿಡಿದ ನೆಂಟನಂತೆ ಕೇಳಿಸುತ್ತಾನೆ. ಕೊಟ್ಟ ಹಣ ನನ್ನ ಮಟ್ಟಿಗೆ ಈ ಅರ್ಧ ಗಂಟೆಗೇ ಸಂದಿತು.

ಎರಡನೆಯ ದಿನ ಸಪ್ಪೆ. ಪ್ರತಿಯೊಬ್ಬರ ಬರಹವನ್ನೂ ತಿದ್ದಿಕೊಡುವ ಮಾತಿತ್ತು; 18 ಜನರಲ್ಲಿ ಆರು ಮಂದಿಯದು ಮುಗಿಯುವಷ್ಟರಲ್ಲಿ ಶಿವಮೊಗ್ಗದ ಬಸ್ಸಿಗೆ ಹೊತ್ತಾಯಿತು. ಉಳಿದದ್ದನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತೇವೆ ಎಂದವರಿಂದ ಈವರೆಗೆ ಸುದ್ದಿಯಿಲ್ಲ. ಊಟದ ಬಗ್ಗೆ ದೂರಿಲ್ಲ. ಪತ್ರೊಡೆಯನ್ನು ಎರಡು ಸಲ ಹಾಕಿಸಿಕೊಂಡೆ.

ಈಗಾಗಲೇ ನಾಲ್ಕಾರು ಕಥೆ ಬರೆದವರಿಗೆ ಇದು ಉಪಯೋಗಕ್ಕೆ ಬಂದೀತು, ಹೊಸಬರಿಗೆ ಕಷ್ಟ. ಹೋಗುವವರು ತಮ್ಮ ಕರಡನ್ನು ಜೊತೆಗೆ ಒಯ್ದು, ಮೊದಲ ದಿನವೇ ಓದಿ ತಿದ್ದಿಸಿಕೊಳ್ಳುವುದು ಒಳ್ಳೆಯದು.